ಅಳಿಸಿದವನೇ ಬರೆಯಬೇಕು

"ಗುರುಗಳೇ, ತಿಳಿದವರು ತಮಗೆ ತಿಳಿದದ್ದನ್ನು ಬಾಯಿಬಿಟ್ಟು ಹೇಳುವಂತೆ ಮಾಡುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಅವನ ಹೆಸರು ಚನ್ನವೀರ. ತಂತ್ರಾಂಶ ರೂಪಿಸುವ ಒಂದು ತಂಡದ ಮುಖ್ಯಸ್ಥ. ಜಿಲ್ಲೆಯ ಯಾವ ಆಂಬುಲೆನ್ಸ್ ಯಾವ ರೋಗಿಯ ಮನೆಗೆ ಹೋಗಬೇಕೆಂದು ತೀರ್ಮಾನಿಸುವ ತಂತ್ರಾಂಶ ಅದು. ಅಂದು ಭಾನುವಾರ. ರಜೆಯ ದಿನವಾದ್ದರಿಂದ ತನ್ನ ಹಳೆಯ ಗುರುವನ್ನು ಕಾಣಲು ಬಂದಿದ್ದ.

"ವಾರಕ್ಕೆರಡು ಸಲ ಎಂಟು ಜನರನ್ನು ಒಂದು ಕೋಣೆಯಲ್ಲಿ ಕೂರಿಸುತ್ತೇನೆ. ಗೋಡೆಗೆ ದೊಡ್ಡ ಬಿಳಿ ಹಲಗೆ ಇದೆ. ಕೋಡ್ ಬರೆಯುವ ಮೊದಲು ಎಲ್ಲರೂ ಸೇರಿ ಅದರ ಮೇಲೆ ನಕ್ಷೆ ಬಿಡಿಸಬೇಕು. ಅದಕ್ಕೇ ಈ ಕಾರ್ಯಾಗಾರ. ಬಣ್ಣಬಣ್ಣದ ಚೀಟಿ ಕೊಟ್ಟೆ. ಟೀ, ಬಿಸ್ಕತ್ತು ತರಿಸಿದೆ. ತಪ್ಪು ಕಂಡರೆ ಹೇಳಿ, ಹೆದರಬೇಡಿ ಎಂದು ಕೈಮುಗಿದೆ. ತಲೆ ಆಡಿಸುತ್ತಾರೆ, ಬಿಸ್ಕತ್ತು ತಿನ್ನುತ್ತಾರೆ, ಎದ್ದು ಹೋಗುತ್ತಾರೆ. ಲಿಫ್ಟಿನ ಹತ್ತಿರ ಮಾತ್ರ ಗುಸುಗುಸು. ನನಗಂತೂ ಸಾಕಾಗಿ ಹೋಗಿದೆ."

"ಒಬ್ಬರೂ ಬಾಯಿ ಬಿಟ್ಟಿಲ್ಲವೇ?"

"ಮೊದಲ ವಾರ ನಾಗವೇಣಿ ಎಂಬವಳು ಬಿಟ್ಟಳು. ನಾವು ಮಾಡಿದ್ದನ್ನು ಪರೀಕ್ಷಿಸಿ ನೋಡುವುದು ಅವಳ ಕೆಲಸ, ಕೋಡ್ ಬರೆಯುವುದಲ್ಲ. ಕರೆ ನಡುವೆ ಕಡಿದುಹೋದರೆ ಈ ನಕ್ಷೆಯಲ್ಲಿ ರೋಗಿಯೇ ಕಾಣೆಯಾಗುತ್ತಾನೆ ಎಂದಳು. ನನಗೆ ಆನಂದವೋ ಆನಂದ. ಎಲ್ಲರಿಂದ ಚಪ್ಪಾಳೆ ಹೊಡೆಸಿ, ಸರಿಪಡಿಸುವ ಕೆಲಸವನ್ನು ಅವಳಿಗೇ ಒಪ್ಪಿಸಿದೆ. ಈಗ ನೋಡಿದರೆ ಕೋಣೆಯಲ್ಲಿ ಅವಳೂ ಮಾತಾಡುವುದಿಲ್ಲ!"

ಗುರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಆಮೇಲೆ ಈ ಕತೆ ಹೇಳಿದರು.

ನದಿ ಕಡಲನ್ನು ಸೇರುವ ಅಳಿವೆಯಲ್ಲಿ ಒಂದು ನಡುಗಡ್ಡೆ ಇತ್ತು. ಅದರಲ್ಲಿ ಇಪ್ಪತ್ತೆಂಟು ಮನೆಗಳು. ವೈದ್ಯನಿದ್ದದ್ದು ಆಚೆ ದಡದಲ್ಲಿ. ಮಳೆಗಾಲದ ಸೆಳೆತದಲ್ಲಿ ಅವರ ಸಣ್ಣ ದೋಣಿಗಳು ಅಳಿವೆ ದಾಟುತ್ತಿರಲಿಲ್ಲ. ಒಂದು ಆಷಾಢದಲ್ಲಿ ಒಬ್ಬ ವ್ಯಾಪಾರಿಯ ಹೆಂಡತಿಗೆ ಜ್ವರ ಬಂತು. ಅವಳು ಮಲಗಿದ್ದ ಕಿಟಕಿಯಿಂದ ಆಚೆ ದಡ ಕಾಣುತ್ತಿತ್ತು. ನಾಲ್ಕನೆಯ ದಿನ ಅವಳು ತೀರಿಕೊಂಡಳು.

ಮಳೆ ನಿಂತ ಮೇಲೆ ವ್ಯಾಪಾರಿ ಒಂದು ನಿಶ್ಚಯ ಮಾಡಿದ. ಮುಂದಿನ ಮಳೆಗಾಲದೊಳಗೆ ರೋಗಿಗಳನ್ನು ದಾಟಿಸುವ ದೊಡ್ಡ ದೋಣಿ ಆಗಬೇಕು. ಒಬ್ಬ ಬಡಗಿ, ಒಬ್ಬ ಅಂಬಿಗ, ಹಗ್ಗ ಹೊಸೆಯುವ ಒಬ್ಬ ಹೆಂಗಸು, ಇನ್ನೂ ನಾಲ್ವರು ಕೆಲಸಗಾರರನ್ನು ಕರೆದ. ಅವರ ದೋಣಿಗೆ ಮೊಳೆ ಇಲ್ಲ. ಹಲಗೆಗೆ ತೂತು ಕೊರೆದು ತೆಂಗಿನ ನಾರಿನ ಹಗ್ಗದಿಂದ ಹೊಲಿಯುತ್ತಾರೆ. ಮರ ಮುಟ್ಟುವ ಮೊದಲು, ನೀರು ಇಳಿದ ಹೊತ್ತಿನಲ್ಲಿ, ದೋಣಿಯನ್ನು ಒದ್ದೆ ಮರಳಿನ ಮೇಲೆ ಪೂರ್ಣ ಅಳತೆಯಲ್ಲಿ ಬರೆಯುತ್ತಾರೆ. ಎಲ್ಲರೂ ಸುತ್ತ ನಿಂತು ನೋಡುತ್ತಾರೆ. ತಪ್ಪು ಕಂಡವರು ಆ ಗೆರೆಯನ್ನು ಕಾಲಿನಿಂದ ಅಳಿಸುತ್ತಾರೆ.

ಮೊದಲ ದಿನ ಒಬ್ಬರ ಗೆರೆಯನ್ನು ಇನ್ನೊಬ್ಬರು ಅಳಿಸಿದ್ದೇ ಅಳಿಸಿದ್ದು. ಒಂದು ಗೆರೆಯೂ ನಿಲ್ಲಲಿಲ್ಲ. ಅಷ್ಟರಲ್ಲಿ ನೀರು ಏರಿ ಮರಳೆಲ್ಲ ಸಮವಾಯಿತು. ವ್ಯಾಪಾರಿಗೆ ಬೇಸರ ಬಂದು ಒಂದು ಕಟ್ಟಳೆ ಮಾಡಿದ. ಅಳಿಸಿದವನೇ ಬರೆಯಬೇಕು, ಬರೆದವನೇ ಕಟ್ಟಬೇಕು. ಕೇಳಲು ಅದು ನ್ಯಾಯವಾಗಿಯೇ ಇತ್ತು.

ಮರುದಿನ ಅಂಬಿಗ ಒಂದು ಗೆರೆ ಅಳಿಸಿದ. "ಬದಿ ತಗ್ಗಾಯಿತು, ಧಣಿ. ಅಳಿವೆಯ ಬಾಯಲ್ಲಿ ತೆರೆ ಒಳಗೇ ಬರುತ್ತದೆ."

"ಭೇಷ್! ಕಂಡವನು ನೀನು, ಮಾಡುವವನೂ ನೀನೇ" ಎಂದು ವ್ಯಾಪಾರಿ ಅವನ ಬೆನ್ನು ತಟ್ಟಿ, ಮರ ಕೆತ್ತುವ ಬಾಚಿಯನ್ನು ಕೈಗೆ ಕೊಟ್ಟ.

ಅಂಬಿಗನಿಗೆ ನೀರು ಗೊತ್ತಿತ್ತು, ಬಾಚಿ ಗೊತ್ತಿರಲಿಲ್ಲ. ಮೂರು ವಾರ ಹಲಗೆಯೊಡನೆ ಗುದ್ದಾಡಿದ. ಎಡಗಾಲಿನ ಹೆಬ್ಬೆರಳು ಕಡಿದುಕೊಂಡ. ಅವನ ಸ್ವಂತ ದೋಣಿ ದಡದಲ್ಲೇ ಒಣಗಿತು. ಬಡಗಿ ದಿನವೂ ಬಂದು ಕೇಳುತ್ತಿದ್ದ, "ಏನಪ್ಪಾ, ನಾಳೆಯಿಂದ ನಾನು ಹುಟ್ಟು ಹಾಕಲೋ?" ಸುತ್ತ ನಿಂತವರು ನಗುತ್ತಿದ್ದರು. ನಕ್ಕರೂ, ಎಲ್ಲರ ಕಣ್ಣು ಆ ಹೆಬ್ಬೆರಳಿನ ಮೇಲೆಯೇ ಇತ್ತು.

ಆಮೇಲೆ ಯಾರೂ ಗೆರೆ ಅಳಿಸಲಿಲ್ಲ.

ಚನ್ನವೀರನ ಫೋನು ಗುಂಯ್ ಎಂದಿತು. ಅವನು ತೆಗೆದು ನೋಡಿದ. "ನಾಗವೇಣಿ. ಆಫೀಸಿನಿಂದ, ಅದೇ ಸರಿಪಡಿಸುವ ಕೆಲಸಕ್ಕೇ ಇರಬೇಕು. ಬೆಳಿಗ್ಗೆಯಿಂದ ಇದು ಮೂರನೆಯ ಸಲ" ಎಂದು ಫೋನನ್ನು ಚಾಪೆಯ ಮೇಲೆ ಬೋರಲು ಹಾಕಿದ. "ಇರಲಿ. ನೀವು ಹೇಳಿ."

ಗುರು ಅವನ ಮುಖವನ್ನೊಮ್ಮೆ, ಫೋನನ್ನೊಮ್ಮೆ ನೋಡಿ ನಿಟ್ಟುಸಿರು ಬಿಟ್ಟರು. ಕತೆ ಮುಂದುವರಿಸಿದರು.

ವ್ಯಾಪಾರಿ ತಲೆ ಚಚ್ಚಿಕೊಂಡ. ಅವಲಕ್ಕಿ ಬೆಲ್ಲ ಹಂಚಿದ. ಗೆರೆ ಎಳೆಯಲು ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ದಾರ ಸುತ್ತಿದ ಕೋಲು ಕೊಟ್ಟ. "ನಿಮ್ಮ ಬಾಯಿಗೆ ಏನು ಬಡಿದಿದೆ? ನನ್ನ ಹೆಂಡತಿ ಹೋದಂತೆ ಇನ್ನೊಬ್ಬರು ಹೋಗಬಾರದೆಂದು ಈ ದೋಣಿ. ತಪ್ಪಿದ್ದರೆ ಹೇಳಿ!" ಎಂದು ಕೂಗಿದ. ಅವರು ಅವಲಕ್ಕಿ ತಿಂದರು. ದೋಣಿಯ ಮೂತಿಗೆ ಎರಡು ಚೆಂದದ ಕಣ್ಣು ಬರೆದರು. "ಎಲ್ಲ ಸರಿಯಾಗಿದೆ, ಧಣಿ" ಎಂದರು. ಆ ಮಾತು ಹೇಳಿದವರಲ್ಲಿ ಹಗ್ಗ ಹೊಸೆಯುವವಳೂ ಇದ್ದಳು.

ಮಳೆಗೆ ಹತ್ತು ದಿನ ಮುಂಚೆ ದೋಣಿಯನ್ನು ನೀರಿಗಿಳಿಸಿದರು. ಬದಿ ಎತ್ತರವಾಗಿತ್ತು, ತೆರೆ ಒಳಗೆ ಬರಲಿಲ್ಲ. ಆದರೆ ಅಳಿವೆಯ ಬಾಯಲ್ಲಿ ಹಿಂಭಾಗದ ಹೊಲಿಗೆ ಹರಿದು ಹಲಗೆಗಳು ಬಿಚ್ಚಿಕೊಂಡವು. ಹತ್ತಿದ್ದವರು ಈಜಿ ಬದುಕಿದರು. ಇನ್ನೊಂದು ದೋಣಿ ಕಟ್ಟಲು ದಿನಗಳು ಉಳಿದಿರಲಿಲ್ಲ. ಮಳೆ ಹಿಡಿಯಿತು. ಆ ಮಳೆಗಾಲದಲ್ಲಿ ಆಚೆ ದಡ ಮುಟ್ಟಲಾಗದೆ ಇಬ್ಬರು ತೀರಿಕೊಂಡರು. ಒಬ್ಬ ಮುದುಕ. ಇನ್ನೊಬ್ಬಳು ಹಗ್ಗ ಹೊಸೆಯುವವಳ ಸೊಸೆ, ಹೆರಿಗೆಯಲ್ಲಿ.

ಸೊಸೆಯ ಹನ್ನೊಂದನೆಯ ದಿನದ ಕರ್ಮ ಕಳೆದ ಮೇಲೆ ವ್ಯಾಪಾರಿ ಹಗ್ಗ ಹೊಸೆಯುವವಳ ಮನೆಗೆ ಹೋದ. ಅವಳು ಹಗ್ಗ ಹೊಸೆಯುತ್ತಿದ್ದಳು.

"ಹೊಲಿಗೆ ಹರಿಯುತ್ತದೆಂದು ನಿನಗೆ ಗೊತ್ತಿತ್ತೇನಮ್ಮಾ?"

"ಮರಳಿನಲ್ಲೇ ಗೊತ್ತಾಗಿತ್ತು, ಧಣಿ. ಹಿಂಭಾಗದಲ್ಲಿ ಹಲಗೆ ಅಷ್ಟು ಚೂಪಾಗಿ ತಿರುಗಿದರೆ ಅಂಚಿಗೆ ಉಜ್ಜಿ ಹಗ್ಗ ಸವೆಯುತ್ತದೆ."

"ಮತ್ತೆ ಒಂದು ಮಾತು ಹೇಳಲಿಲ್ಲ?"

ಅವಳ ಕೈ ನಿಲ್ಲಲಿಲ್ಲ. "ಹೇಳಿದ್ದರೆ ಬಾಚಿ ಕೊಡುತ್ತಿದ್ದಿರಿ" ಎಂದಳು.

ಗುರು ಕತೆ ನಿಲ್ಲಿಸಿದರು.

ಚನ್ನವೀರ ತಲೆ ಕೊಡವಿದ. "ಅವಳದ್ದೂ ಅತಿಯಾಯಿತು ಗುರುಗಳೇ. ಸೊಸೆಯ ಜೀವಕ್ಕಿಂತ ಬಾಚಿ ದೊಡ್ಡದೇ? ನನ್ನ ಕೋಣೆಯಲ್ಲೂ ಇಂಥವರೇ ಕೂತಿದ್ದಾರೆ. ಅದಿರಲಿ, ನಾನು ಇನ್ನೇನು ಮಾಡಲಿ, ಅದನ್ನು ಹೇಳಿ. ಚೀಟಿಯ ಬಣ್ಣ ಬದಲಿಸಲೇ? ಹೆಚ್ಚು ಮಾತಾಡಿದವರಿಗೆ ಬಹುಮಾನ ಇಡಲೇ?"

ಚಾಪೆಯ ಮೇಲೆ ಬೋರಲಾಗಿದ್ದ ಫೋನು ಮತ್ತೆ ಗುಂಯ್ ಎಂದಿತು. ಚನ್ನವೀರ ಅದನ್ನು ನಿಲ್ಲಿಸಲು ಕೈ ಚಾಚಿದ. ಗುರು ಅವನ ಕೈ ಹಿಡಿದರು.

"ಎತ್ತಿ ಮಾತಾಡು ಮಾರಾಯ, ನಿನ್ನ ಅಂಬಿಗ ಕರೆಯುತ್ತಿದ್ದಾನೆ."