ಚೆಂಗಪ್ಪನೋರ ಕೋವಿಗೆ ಜವರನ ಕೋಟು

ಚಿಕ್ತಾಯಮ್ಮನ ಮಗ ಜವರನ ತಲೆ ಒಳಗೆ ಏನಿದೆ ಅಂತ ಹುಟ್ಟಿಸ್ದ ದೇವ್ರೂ ಇಣುಕಿ ನೋಡಿಲ್ಲ. ಹೇಳಿದ್ದನ್ನ ಹೇಳ್ದಂಗೇ ಮಾಡ್ತಾನೆ, ಅದೇ ಅವನ ರೋಗ. ಆರು ಕಡೆ ಕೆಲ್ಸಕ್ಕೆ ಸೇರ್ದ, ಆರು ಕಡೆಯಿಂದ್ಲೂ ಓಡ್ಸಿದ್ರು. ಏಳನೇದು ಕುಶಾಲನಗರದಲ್ಲಿ ಕೋವಿ ರಿಪೇರಿ ಮಾಡೋ ವೀರಾಚಾರ್ರ ಅಂಗಡಿ.

"ಇದೊಂದ್ ಉಳಿಸ್ಕೋ ಮಗಾ," ಅಂದ್ಲು ಅವ್ವ. "ಇದೂ ಹೋದ್ರೆ ನಿಂಗೆ ಹೆಣ್ಣು ಕೊಡೋರಿರ್ಲಿ, ನೀರು ಕೊಡೋರೂ ಇರಲ್ಲ. ಕೋವಿದು ಏನೇ ಕೈಗೆ ಸಿಕ್ಲಿ, ಮೊದ್ಲು ಎಣ್ಣೆ ಹಚ್ಚು. ತುಕ್ಕು ಹಿಡಿಯಲ್ಲ."

"ಹೂಂ ಕಣವ್ವ."

ಅದೇ ವಾರ ಕಾಫಿ ತೋಟದ ಚೆಂಗಪ್ಪನೋರ ಕೋವಿ ಅಂಗಡಿಗೆ ಬಂತು. ಕೈಲ್ ಮುಹೂರ್ತಕ್ಕೆ ಹದಿನೈದೇ ದಿನ. ಕೊಡಗಿನೋರು ಆವತ್ತು ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಮರದ ತುದೀಲಿ ತೆಂಗಿನಕಾಯಿ ಕಟ್ಟಿ, ಗುಂಡು ಹೊಡ್ದು ಒಡೀತಾರಲ್ಲ, ಅದಕ್ಕೆ ಬೇಕಿತ್ತು. ಕೋವೀಲಿ ಅಲ್ಯೂಮಿನಿಯಂದು ಎರಡು ಸಾಮಾನು. ಬೆರಳಿಟ್ಟು ಎಳಿಯೋ ಕುದುರೆ ಸುತ್ತ ಒಂದು ಬಳೆ, ದುರ್ಬೀನು ಕೂರ್ಸೋಕೆ ಒಂದು ಪಟ್ಟಿ. ಎರಡೂ ಮಳೆಗೆ, ಬೆವರಿಗೆ ಬೆಳ್ಳಗೆ ಪುಡಿ ಕಕ್ತಿದ್ವು.

ಆಚಾರ್ರು ಬಳೆ ಕೊಟ್ಟು, "ಇದಕ್ಕೆ ಕರಿ ಪೇಂಟ್ ಹೊಡಿ," ಅಂದ್ರು. ಜವರ ಅವ್ವ ಹೇಳ್ದಂಗೆ ಮೊದ್ಲು ಕೊಬ್ರಿ ಎಣ್ಣೆ ಸುರ್ದ, ಆಮೇಲೆ ಪೇಂಟ್ ಹೊಡ್ದ. ಬೆಳಗ್ಗೆ ಎತ್ತಿದ್ರೆ ಪೇಂಟು ಬಾಳೆಹಣ್ಣಿನ ಸಿಪ್ಪೆ ಥರ ಕೈಗೇ ಬಂತು.

"ಎಣ್ಣೆ ಮೇಲೆ ಪೇಂಟ್ ನಿಲ್ತದೇನೋ ಕತ್ತೆ? ಎಣ್ಣೆ ಡಬ್ಬ ಮುಟ್ಬೇಡ. ಮೊದ್ಲು ಸ್ಯಾಂಡ್‌ಪೇಪರ್ ಹಾಕಿ ಗಸಗಸ ಉಜ್ಬೇಕು."

"ಹೂಂ ಆಚಾರ್ರೇ."

ಮಾರನೇ ದಿನ, ಆಚಾರ್ರು ಮೊದ್ಲೇ ಕಳ್ಸಿದ್ದ ಪಟ್ಟಿ ಮೈಸೂರಿಂದ ವಾಪಸ್ ಬಂತು. ಅಲ್ಲಿ ಆಸಿಡ್ ತೊಟ್ಟೀಲಿ ಮುಳುಗ್ಸಿ, ಕರೆಂಟ್ ಕೊಟ್ಟು, ಅಲ್ಯೂಮಿನಿಯಂ ಮೈಯಲ್ಲೇ ಗಟ್ಟಿ ಪೊರೆ ಬರ್ಸಿ ಬಣ್ಣ ಕುಡಿಸ್ತಾರೆ. ಆನೋಡೈಸಿಂಗ್ ಅಂತೆ. ಕರ್ರಗೆ ಕಾಡಿಗೆ ಥರ ಇತ್ತು. ಜವರ ಗಸಗಸ ಉಜ್ದ. ಮಧ್ಯಾಹ್ನದವರೆಗೂ ಉಜ್ದ. ಹೊಸ ತಪ್ಪಲೆ ಥರ ಬೆಳ್ಳಗಾಗೋವರೆಗೂ ಉಜ್ದ.

ಆಚಾರ್ರು ತಲೆ ಮೇಲೆ ಕೈ ಹೊತ್ಕೊಂಡ್ರು. "ಮೈಸೂರಿಂದ ಬಂದಿದ್ದನ್ನ ಉಜ್ಬಾರ್ದು ಕಣೋ. ಮೆತ್ತನೆ ಬಟ್ಟೇಲಿ ಬಿಗಿಯಾಗಿ ಸುತ್ತಿ ಬೆಂಚ್ ಕೆಳಗಿಡು."

"ಹೂಂ ಆಚಾರ್ರೇ."

ಸಾಯಂಕಾಲ ಚೆಂಗಪ್ಪನೋರ ಅಳಿಯ ಬಂದ್ರು, ಕೋವಿ ಆಯ್ತಾ ಅಂತ ಕೇಳೋಕೆ.

"ಎಲ್ಲಿಂದ ಬಂದ್ರಿ ಸ್ವಾಮಿ?" ಅಂದ ಜವರ.

"ಮೈಸೂರಿಂದ."

ಆಚಾರ್ರು ಕಾಫಿ ಕುಡ್ದು ಬರೋ ಹೊತ್ಗೆ ಅಳಿಯಂದ್ರು ಬೆಂಚ್ ಕೆಳಗಿದ್ರು. ಹಳೇ ಪಂಚೇಲಿ ಸುತ್ತಿ, ಮೂಗೊಂದು ಹೊರಗೆ.

ಸುದ್ದಿ ಕೇಳಿ ಚಿಕ್ತಾಯಮ್ಮ ಓಡ್ಬಂದು ಆಚಾರ್ರ ಕಾಲು ಹಿಡ್ಕೊಂಡ್ಲು. ಆಚಾರ್ರು ಅವಳನ್ನ ಎಬ್ಬಿಸಿ ಕೂರ್ಸಿದ್ರು.

"ಚಿಕ್ತಾಯಮ್ಮ, ಪಟ್ಟಿ, ಬಳೆ ನಾನೇ ಸರಿ ಮಾಡ್ಕೋತೀನಿ. ಇನ್ನೊಂದ್ ತಪ್ಪಾದ್ರೆ ಮಗನ್ನ ಮನೇಲೇ ಇಟ್ಕೊ. ಲೇ ಜವರ, ಸ್ವಲ್ಪ ಯೋಚ್ನೆ ಮಾಡೋ. ಪೇಂಟೋ ಪೊರೆಯೋ, ಯಾವ್ದಕ್ಕೆ ಜಾಸ್ತಿ ಪೆಟ್ಟು ಬೀಳ್ತದೋ ಅದಕ್ಕೆ ಗಟ್ಟಿ ಕೋಟು ಆರಿಸ್ಬೇಕು. ಇಷ್ಟೇ ಈ ವಿದ್ಯೆ."

ಜವರ ಜೀವಮಾನದಲ್ಲಿ ಮೊದಲ್ನೇ ಸಲ ಯೋಚ್ನೆ ಮಾಡ್ದ. ಕೋವಿಗೆ ಯಾರು ಹೊಡೀತಾರೆ? ಯಾರೂ ಇಲ್ಲ. ಪೆಟ್ಟು ಬೀಳೋದೆಲ್ಲ ತೆಂಗಿನಕಾಯಿಗೆ.

ಹಬ್ಬದ ಹಿಂದಿನ ದಿನ, ಮರಕ್ಕೆ ಕಟ್ಟೋಕೆ ಇಟ್ಟಿದ್ದ ಕಾಯಿನ ಇಸ್ಕೊಂಡು ಸ್ಯಾಂಡ್‌ಪೇಪರಲ್ಲಿ ಗಸಗಸ ಉಜ್ದ. ಎಣ್ಣೆ ಮುಟ್ಲಿಲ್ಲ. ಬಟ್ಟೆ ಸುತ್ತಿ, ಮಾಡಿನ ಶೀಟ್ ತೂತು ಮುಚ್ಚೋ ಗಟ್ಟಿ ಅಂಟು ಬಳ್ದ. ಸುತ್ತಿ ಬಳ್ದ, ಸುತ್ತಿ ಬಳ್ದ, ಐದು ಸುತ್ತು. ಮೇಲೆ ಚಂದಾಗಿ ಕಂದು ಪೇಂಟು. ಮರ ಹತ್ತಿ ತಾನೇ ಕಟ್ದ.

ಹಬ್ಬದ ದಿನ ಊರೆಲ್ಲ ಮೈದಾನದಲ್ಲಿ ಸೇರ್ತು. ಚೆಂಗಪ್ಪನೋರು ಹೊಡೆದ್ರು, ತೂತಾಯ್ತು, ಒಡೀಲಿಲ್ಲ. ಅವರ ಅಳಿಯ ಹೊಡೆದ್ರು, ತೂತಾಯ್ತು, ಒಡೀಲಿಲ್ಲ. ನಲವತ್ತು ಗುಂಡಿಗೆ ಕಾಯಿ ಜರಡಿ ಆಯ್ತು, ನೀರೆಲ್ಲ ಸೋರ್ತು, ಒಂದು ಚೂರೂ ಕೆಳಗೆ ಬೀಳ್ಲಿಲ್ಲ. ಕೊನೆಗೆ ಇಳ್ಸಿ ನೋಡಿದ್ರೆ ಕೋಟು. ಚಿಕ್ತಾಯಮ್ಮ ಸೆರಗಲ್ಲಿ ಮುಖ ಮುಚ್ಕೊಂಡ್ಲು. ಏಳನೇದೂ ಹೋಯ್ತು ಅಂದ್ಕೊಂಡ್ಲು.

ಚೆಂಗಪ್ಪನೋರು ಕಾಯಿನ ತಿರುಗ್ಸಿ ತಿರುಗ್ಸಿ ನೋಡಿ, ಹೊಟ್ಟೆ ಹಿಡ್ಕೊಂಡು ನಕ್ರು. "ಆಚಾರ್ರೇ, ಇಂಥ ಗಟ್ಟಿ ಕೋಟು ನಾ ಕಂಡಿಲ್ಲ. ಇವನ್ನ ಬಿಡ್ಬೇಡಿ. ಲೇ ಜವರ, ಈ ಕಾಯಿಗೆ ಏನೇನ್ ಮಾಡಿದ್ಯೋ, ನನ್ ಕೋವಿಗೂ ಎಲ್ಲಾ ಮಾಡು."

"ಹೂಂ ಸ್ವಾಮಿ."

ಆವತ್ತು ಚಿಕ್ತಾಯಮ್ಮ ನೆಮ್ಮದಿಯಾಗಿ ನಿದ್ದೆ ಮಾಡಿದ್ಲು. ಎರಡು ದಿನ ಬಿಟ್ಟು ಬುತ್ತಿ ತಗೊಂಡು ಅಂಗಡಿಗೆ ಹೋದ್ರೆ ಮಗ ಇಲ್ಲ. ಮೈದಾನಕ್ಕೆ ಓಡಿದ್ಲು. ಮರದ ತುದೀಲಿ ಬಟ್ಟೆ ಸುತ್ತಿ, ಅಂಟು ಬಳ್ದು, ಕಂದು ಪೇಂಟ್ ಹೊಡ್ದ ಕೋವಿ ನೇತಾಡ್ತಿದೆ. ಕೆಳಗೆ ಜವರ, ಇನ್ನೊಬ್ರ ಕೋವಿ ಇಸ್ಕೊಂಡು ಚೆಂಗಪ್ಪನೋರ ಕೈಗೆ ಕೊಡ್ತಾವ್ನೆ.

"ಮೊದಲ್ನೇ ಗುಂಡು ನಿಮ್ದೇ ಸ್ವಾಮಿ. ಒಡದ್ರೆ ನನ್ನ ಕೇಳಿ."