ಎಡಗಡೆಯ ಒಂದೂವರೆ ಇಂಚು

ಶಾಂಭವಿಯ ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಅಗಲವಾದ ಗ್ರಾಫೊಂದು ಎಡಗಡೆಯ ಮಾರ್ಜಿನ್ನನ್ನು ಗದರಿತು: "ಒಂದೂವರೆ ಇಂಚು ಸುಮ್ಮನೆ ಖಾಲಿ ಬಿದ್ದಿದ್ದೀಯಲ್ಲ! ಸರಿ ಆಚೆ, ನಾನು ಕಾಲು ಚಾಚಬೇಕು."

"ಆಗದು. ಈ ಜಾಗ ಸೂಜಿಗೆ ಮೀಸಲು," ಎಂದಿತು ಮಾರ್ಜಿನ್.

"ಸೂಜಿಗೋ? ನಿನ್ನಲ್ಲಿ ಒಂದಕ್ಷರವೂ ಇಲ್ಲ, ನಿನ್ನನ್ನು ಯಾರು ಕೇಳುತ್ತಾರೆ!" ಗ್ರಾಫ್ ನಕ್ಕಿತು.

ಮರುದಿನ ಬೈಂಡಿಂಗ್ ಅಂಗಡಿಯ ಇಮಾಮಸಾಬರು ತೊಂಬತ್ತು ಹಾಳೆಗಳನ್ನು ಜೋಡಿಸಿ, ಎಡಗಡೆ ತೂತು ಕೊರೆದು, ಸೂಜಿ ತೂರಿಸಿ ದಾರ ಬಿಗಿದರು. "ಜಾಗ ಸರಿಯಾಗಿ ಬಿಟ್ಟಿದ್ದೀಯಮ್ಮ," ಎಂದರು ಶಾಂಭವಿಗೆ. "ಇಲ್ಲದಿದ್ದರೆ ಈ ಗ್ರಾಫಿನ ಅಂಕಿಗಳೆಲ್ಲ ಹೊಲಿಗೆಯೊಳಗೆ ಹೋಗಿಬಿಡುತ್ತಿದ್ದವು."

ಮಾರ್ಜಿನ್ ಆಗಲೇ ಹೊಲಿಗೆಯೊಳಗೆ ಮರೆಯಾಗಿತ್ತು. ತೊಂಬತ್ತು ಹಾಳೆಗಳೂ ಅದನ್ನೇ ಹಿಡಿದುಕೊಂಡು ಒಂದು ಪುಸ್ತಕವಾಗಿ ನಿಂತಿದ್ದವು.

ಗ್ರಾಫ್ ದನಿ ತಗ್ಗಿಸಿ ಮಾರ್ಜಿನ್ನನ್ನು ಕೇಳಿತು: "ನಿಮಗೆ ನೋವಾಯಿತೇ?"