ಇಂದುಮತಿಯ ಲದ್ದಿ

ಕೆಂಬಾರೆ ಆನೆ ಶಿಬಿರದಲ್ಲಿ ಒಬ್ಬ ಗುರು, ಒಬ್ಬಳು ಶಿಷ್ಯೆ ಇದ್ದರು. ಆಶ್ರಮವೇನೂ ಇರಲಿಲ್ಲ. ಆನೆಗಳ ರಾಗಿ ತುಂಬಿಡುತ್ತಿದ್ದ ಹಳೆಯ ಗೋದಾಮಿಗೆ ಸುಣ್ಣ ಬಳಿದು, ಒಂದು ಫ್ರಿಜ್ಜು, ಒಂದು ಉದ್ದನೆಯ ಮೇಜು, ಬಣ್ಣ ಅಳೆಯುವ ಒಂದು ಯಂತ್ರ ಇಟ್ಟು ಅದನ್ನು ಪ್ರಯೋಗಾಲಯ ಎಂದು ಕರೆಯುತ್ತಿದ್ದರು.

ಗುರು ಡಾಕ್ಟರ್ ಫಕೀರಪ್ಪ ಅಣ್ಣಿಗೇರಿ, ಪಶುವೈದ್ಯ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಮಾತು ಧಾರವಾಡದ ಕಡೆಯದು. ಶಿಷ್ಯೆ ಇಂಚರ, ಮಂಡ್ಯದವಳು. ಬಂದು ನಾಲ್ಕು ತಿಂಗಳಾಗಿತ್ತು.

ಕೆಲಸ ಇಷ್ಟೇ. ಬೆಳಗ್ಗೆ ಆನೆಯ ಲದ್ದಿ ತರುವುದು, ಒಣಗಿಸಿ ಪುಡಿ ಮಾಡುವುದು, ಅದರ ಸಾರ ತೆಗೆದು ಒತ್ತಡದ ಹಾರ್ಮೋನು ಎಷ್ಟಿದೆ ಎಂದು ಅಳೆಯುವುದು. ಆನೆ ಹೇಳಲಾರದ್ದನ್ನು ಲದ್ದಿ ಹೇಳುತ್ತದೆ ಎನ್ನುತ್ತಿದ್ದರು ಗುರುಗಳು. ಕೇಳಿದವರು ಮೂಗು ಮುಚ್ಚಿಕೊಂಡು ತಲೆಯಾಡಿಸುತ್ತಿದ್ದರು.

ಆಗ ಶಿಬಿರಕ್ಕೆಲ್ಲ ಇಂದುಮತಿ ಎಂಬ ಹೆಣ್ಣಾನೆಯದೇ ಚಿಂತೆ. ಎರಡು ತಿಂಗಳಿಂದ ಅದು ಸರಿಯಾಗಿ ತಿನ್ನುತ್ತಿರಲಿಲ್ಲ. ಕಟ್ಟಿದ ಜಾಗದಲ್ಲೇ ತಲೆ ತೂಗುತ್ತ ನಿಂತಿರುತ್ತಿತ್ತು.

ಅದಕ್ಕೆ ಇಬ್ಬರು ಮಾವುತರು. ಇಪ್ಪತ್ತೆರಡು ವರ್ಷದಿಂದ ನೋಡಿಕೊಂಡಿದ್ದ ಜಡಿಯ, ಎರಡು ತಿಂಗಳ ಹಿಂದೆ ಬಂದ ಚಿಕ್ಕಮಾದ. ಹೊಸ ನಿಯಮದ ಪ್ರಕಾರ ಒಬ್ಬೊಬ್ಬರಿಗೆ ಎರಡೆರಡು ದಿನದ ಸರದಿ. ಸರದಿ ಇಲ್ಲದವನು ಕಾಡಂಚಿನ ತನ್ನ ಹಾಡಿಗೆ, ತನ್ನ ಜನರ ಕೇರಿಗೆ, ಹೋಗಿಬಿಡಬೇಕು.

ಜಡಿಯನದು ಜೋರು ಬಾಯಿ. ಬೈಯದೆ ಒಂದು ದಿನವೂ ಆನೆಯನ್ನು ನೀರಿಗೆ ಇಳಿಸಿದವನಲ್ಲ. ಚಿಕ್ಕಮಾದ ಮೆತ್ತಗೆ ಮಾತಾಡುವವನು. ತಪ್ಪು ಯಾರದೆಂದು ಶಿಬಿರದವರು ಆಗಲೇ ತೀರ್ಮಾನ ಮಾಡಿ ಆಗಿತ್ತು. ಲ್ಯಾಬಿನಿಂದ ಒಂದು ಕಾಗದ ಬಂದರೆ ಜಡಿಯನನ್ನು ಬೇರೆ ಶಿಬಿರಕ್ಕೆ ಕಳಿಸುವುದಾಗಿ ರೇಂಜರು ಹೇಳಿದ್ದರು.

ಇಂಚರ ಹದಿನಾರು ದಿನ ಲದ್ದಿ ತಂದಳು. ಒಂದು ಮಂಗಳವಾರ ಅಳತೆ ಮುಗಿಯಿತು. ಸಣ್ಣ ಸಣ್ಣ ಗುಳಿಗಳಿದ್ದ ತಟ್ಟೆಯನ್ನು ಗುರುಗಳ ಮುಂದೆ ಇಟ್ಟಳು. ಕೆಲವು ಗುಳಿ ಗಾಢ ಹಳದಿ, ಕೆಲವು ನೀರಿನ ಹಾಗೆ ತೆಳು.

ಗುರುಗಳು ಒಂದು ತೆಳು ಗುಳಿಯನ್ನು ತೋರಿಸಿದರು.

"ಇದರಾಗ ಹಾರ್ಮೋನು ಕಡಿಮಿ ಐತೇನು?"

"ಇಲ್ಲ ಸಾರ್, ಇದರಲ್ಲೇ ಜಾಸ್ತಿ."

"ಜಾಸ್ತಿ ಇದ್ದರ ಬಣ್ಣ ಯಾಕ ಕಡಿಮಿ?"

"ಗುಳಿಯ ತಳದಲ್ಲಿ ಹಾರ್ಮೋನನ್ನ ಹಿಡಿದುಕೊಳ್ಳೋ ಪ್ರತಿಕಾಯ ಅಂಟಿಸಿರ್ತಾರೆ ಸಾರ್. ಅಲ್ಲಿರೋದು ಇಷ್ಟೇ ಸೀಟು. ಲದ್ದಿಯ ಹಾರ್ಮೋನು, ನಾವು ಹಾಕೋ ಗುರುತಿನ ಹಾರ್ಮೋನು, ಎರಡೂ ಸೀಟಿಗೆ ನುಗ್ಗುತ್ತವೆ. ಲದ್ದಿಯದು ಜಾಸ್ತಿ ಇದ್ದರೆ ಅದೇ ಕೂತುಬಿಡುತ್ತೆ. ಬಣ್ಣ ಕೊಡಬೇಕಾದ್ದು ತೊಳೆದು ಹೋಗುತ್ತೆ."

"ಛಲೋ. ಪ್ರತಿಯೊಂದನ್ನೂ ಎರಡೆರಡು ಗುಳಿಯೊಳಗ ಹಾಕೀದೇನು?"

"ಹಾಕಿದೀನಿ. ಎರಡೂ ತಾಳೆಯಾಗ್ತಿವೆ."

"ಅಂದರ?"

"ಜಡಿಯಣ್ಣನ ದಿನಗಳಲ್ಲಿ ಹಾರ್ಮೋನು ಎರಡರಷ್ಟಿದೆ ಸಾರ್. ಒಂದು ದಿನವೂ ತಪ್ಪಿಲ್ಲ."

ಗುರುಗಳು ಅವಳ ವರದಿಯನ್ನು ಓದಿದರು. ಡಬ್ಬಿಗಳ ಮೇಲೆ ತಾರೀಖು, ಮಾವುತನ ಹೆಸರು ಬರೆದಿದ್ದ ಚೀಟಿಗಳನ್ನು ನೋಡಿದರು. ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದರು.

"ಅಳತಿ ಬಾಳ ಛಲೋ ಮಾಡೀದಿ" ಎಂದರು. ಸಹಿ ಮಾಡಲಿಲ್ಲ.

ಆಮೇಲೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು, ಹುಣಸೆ ಬೀಜಗಳನ್ನು ಒಂದೊಂದಾಗಿ ಕಲ್ಲಿಗೆ ತೇಯತೊಡಗಿದರು. ಚೌಕಾಬಾರ ಆಡಲು ಇರಬೇಕು ಎಂದುಕೊಂಡಳು ಇಂಚರ. ಇಪ್ಪತ್ತು ಬೀಜಗಳ ಒಂದು ಮಗ್ಗುಲು ಬೆಳ್ಳಗಾದ ಮೇಲೆ ಎದ್ದು ಬಂದು ಅವಳ ಅಂಗೈಗೆ ಸುರಿದರು.

"ನಾಳೆ ಮುಂಜಾನೆ ಇಂದುಮತಿಯ ಕುಸುರೆಯೊಳಗ ಇಡು." ಕುಸುರೆ ಎಂದರೆ ಬೆಲ್ಲ, ಕಾಯಿ, ಭತ್ತ ಸೇರಿಸಿ ಹುಲ್ಲಿನಲ್ಲಿ ಕಟ್ಟಿ ಆನೆಗೆ ಕೊಡುವ ತುತ್ತು.

"ಯಾಕೆ ಸಾರ್?"

"ಇಟ್ಟಾದ ಮ್ಯಾಲೆ ಅವು ಯಾವಾಗ ಹೊರಗ ಬರತಾವ ನೋಡಿ ಹೇಳು. ಸಹಿ ಆಮ್ಯಾಲೆ."

ಅವಳಿಗೆ ಸಿಟ್ಟು ಬಂತು. ಹದಿನಾರು ದಿನ ಲದ್ದಿ ಕುಟ್ಟಿದ್ದಕ್ಕೆ ಈಗ ಇಪ್ಪತ್ತು ಹುಣಸೆ ಬೀಜ. ಸಂಜೆ ರೇಂಜರ ಫೋನು ಬಂತು. ವರದಿ ಏನಾಯಿತು ಎಂದು ಕೇಳಿದರು.

"ಆಗಿದೆ ಸಾರ್. ಸಹಿ ಒಂದು ಬಾಕಿ."

"ಸಹಿ ಇರಲಿ. ಏನು ಬಂತು ಹೇಳಿ."

ಹೇಳಿಬಿಟ್ಟಳು.

ಬುಧವಾರ ಬೆಳಗ್ಗೆ ಗುರುಗಳು ಮೀಟಿಂಗಿಗೆಂದು ಮೈಸೂರಿಗೆ ಹೋದರು. ಇಂಚರ ಚಿಕ್ಕಮಾದನ ಮುಂದೆಯೇ ಕುಸುರೆಯಲ್ಲಿ ಬೀಜ ಇಟ್ಟಳು. ಇಂದುಮತಿ ಅವತ್ತು ತಿಂದದ್ದು ಅದೊಂದೇ. ದಿನವಿಡೀ ಲದ್ದಿ ಕೆದಕಿದಳು. ಒಂದು ಬೀಜವೂ ಇರಲಿಲ್ಲ.

ಗುರುವಾರವೂ ಇರಲಿಲ್ಲ. ಅವತ್ತು ಮಧ್ಯಾಹ್ನ ಜೀಪು ಬಂದು ಜಡಿಯನನ್ನು ಕರೆದುಕೊಂಡು ಹೋಯಿತು.

ಹಾಸಿಗೆಯ ಸುರುಳಿ ಕಂಕುಳಲ್ಲಿಟ್ಟುಕೊಂಡು ಅವನು ತನ್ನ ಬದಲಿಗೆ ಕರೆಸಿದ್ದ ಚಿಕ್ಕಮಾದನಿಗೆ ಕೂಗಿ ಕೂಗಿ ಹೇಳುತ್ತಿದ್ದ, ಎಡಗಾಲಿನ ಉಗುರು ನೋಡು, ಬೆಲ್ಲ ಜಾಸ್ತಿ ಹಾಕಬೇಡ ಎಂದು. ಇಂಚರಳನ್ನು ಕಂಡು ದನಿ ತಗ್ಗಿಸಿದ.

"ಮಿಷಿನ್ನು ಹೇಳ್ತಂತಲ್ಲವ್ವ, ನನ್ನಿಂದ ಅವ್ಳಿಗೆ ತ್ರಾಸು ಅಂತ."

ಹಾಸಿಗೆಯ ಸುರುಳಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದ.

"ದಿಟವೇ ಇರ್ಬೇಕು ಬುಡು. ಬೈತಿದ್ದೆ. ಅದು ಅವ್ಳ ಹೊಟ್ಟೆಗೆ ನಾಟ್ತದೆ ಅಂತ ನಂಗೆ ಗೊತ್ತಾಗ್ನಿಲ್ಲ."

ಜೀಪು ಹೋಯಿತು. ಮಾಡಿದ್ದು ಸರಿ ಎಂದು ಇಂಚರಳಿಗೆ ಗೊತ್ತಿತ್ತು. ಆದರೂ ಊಟ ಸೇರಲಿಲ್ಲ.

ಶುಕ್ರವಾರ ಬೆಳಗ್ಗೆ ಎಂಟು ಗಂಟೆಗೆ ಲದ್ದಿ ಒಡೆದಾಗ ಬಿಳಿ ಮಗ್ಗುಲಿನ ಬೀಜ ಕಂಡಿತು. ಒಂದಲ್ಲ, ಹದಿನಾಲ್ಕು.

ಅವುಗಳನ್ನು ತೊಳೆದು ಎಣಿಸುತ್ತ ಕೂತವಳು ದಿನಗಳನ್ನೂ ಎಣಿಸಿದಳು. ಬುಧವಾರ ಒಳಗೆ ಹೋದದ್ದು ಶುಕ್ರವಾರ ಹೊರಗೆ ಬಂದಿದೆ. ಶುಕ್ರವಾರ ಜಡಿಯನ ಸರದಿಯ ದಿನ. ಬುಧವಾರ ಚಿಕ್ಕಮಾದನದು.

ಲ್ಯಾಬಿಗೆ ಓಡಿದಳು. ಹದಿನಾರು ಡಬ್ಬಿಗಳನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಪ್ರತಿಯೊಂದು ತಾರೀಖಿನಿಂದ ಎರಡು ದಿನ ಕಳೆದಳು. ಎರಡೆರಡು ದಿನದ ಸರದಿ, ಎರಡು ದಿನದ ಹೊಟ್ಟೆ. ಜಡಿಯನ ಹೆಸರಿದ್ದ ಡಬ್ಬಿಗಳೆಲ್ಲ ಚಿಕ್ಕಮಾದನವಾದವು. ಚಿಕ್ಕಮಾದನವೆಲ್ಲ ಜಡಿಯನವಾದವು.

ಗುರುಗಳು ಮೈಸೂರಿನಿಂದ ಬಂದು ಚೀಲ ಇಳಿಸುವ ಮೊದಲೇ ಹೇಳಿದಳು.

"ಸಾರ್, ಡಬ್ಬಿ ಮೇಲೆ ನಾನು ಲದ್ದಿ ತೆಗೆದ ದಿನ ಬರೆದಿದೀನಿ. ಒಳಗಿರೋದು ಅದಕ್ಕೆ ಎರಡು ದಿನ ಮುಂಚಿನದು. ತಲೆಕೆಳಗಾಗಿಬಿಟ್ಟಿದೆ."

"ಹೂಂ."

"ನೀವು ನೇರವಾಗಿ ಹೇಳಬಹುದಿತ್ತಲ್ಲ ಸಾರ್."

"ನಿನ್ನ ನೋಟ್‌ಬುಕ್ ತಗೊಂಬಾ. ನಾಕನೇ ಪುಟ ತಗಿ."

ತೆಗೆದಳು. ಅವಳದೇ ದುಂಡು ಅಕ್ಷರ: ಆನೆಯ ಲದ್ದಿಯಲ್ಲಿ ಹಾರ್ಮೋನು ಕಾಣಿಸಲು ಸುಮಾರು ಎರಡು ದಿನ ಬೇಕು. ಕೆಳಗೆ ಕೆಂಪು ಶಾಯಿಯ ಎರಡು ಗೆರೆ.

"ಹೇಳಿದ್ದೆ" ಎಂದರು ಗುರುಗಳು. "ನೀ ಬರಕೊಂಡಿದ್ದಿ."

ಅವಳು ಪುಸ್ತಕ ಮುಚ್ಚಿದಳು.

"ಹಾಗಾದರೆ ಆನೆಗೆ ಹಿಂಸೆ ಕೊಡ್ತಿರೋದು ಚಿಕ್ಕಮಾದ. ಇವತ್ತೇ ಬರೀತೀನಿ ಸಾರ್."

"ಬರಿ. ಅವ ಏನು ಮಾಡತಾನ ಅಂತ ಬರೀತಿ?"

ಇಂಚರ ಪೆನ್ನಿನ ಮುಚ್ಚಳ ತೆಗೆದಳು. ಆಮೇಲೆ ಪೆನ್ನು ಅಲ್ಲೇ ಬಿಟ್ಟು ಆನೆ ಕಟ್ಟುವ ಕಡೆಗೆ ನಡೆದಳು.

ಜಡಿಯ ಇಲ್ಲದ್ದರಿಂದ ಅವತ್ತೂ ಚಿಕ್ಕಮಾದನೇ ಇದ್ದ. ಇಂದುಮತಿಯ ಕಿವಿಯ ಹಿಂದೆ ಎಣ್ಣೆ ಹಚ್ಚುತ್ತಿದ್ದ. ಕಾಲ ಬಳಿ ಮೂರು ಕುಸುರೆ ಹಾಗೇ ಬಿದ್ದಿದ್ದವು.

"ತಿಂತಿಲ್ವಾ?"

"ನನ್ ದಿನ ಅವ್ಳು ಯಾವತ್ತು ನೆಟ್ಟಗೆ ತಿಂದವ್ಳೆ ಹೇಳಕ್ಕ. ಬೆಲ್ಲ ಜಾಸ್ತಿ ಮಡಗಿ ನೋಡ್ದೆ. ಪದ ಹೇಳಿ ನೋಡ್ದೆ. ಸೊಂಡ್ಲು ಎತ್ತಿ ಹಾಡಿಗೋಗೋ ದಾರಿ ಕಡೆಗೆ ಮೂಸ್ತಾ ನಿಂತ್ಕತಾಳೆ, ಅಷ್ಟೆಯ."

"ಹಾಡಿ ದಾರಿಯಲ್ಲಿ ಏನಿದೆ?"

ಚಿಕ್ಕಮಾದ ಅವಳನ್ನು ನೋಡಿದ. ಇಷ್ಟು ಓದಿದವಳಿಗೆ ಇದೂ ಗೊತ್ತಿಲ್ಲವೇ ಎಂಬಂತೆ ನೋಡಿದ.

"ಜಡಿಯಣ್ಣ ಆ ದಾರೀಲೇ ಅಲ್ವಾ ಬರದು."

ಇಂಚರ ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತಳು. ಚಿಕ್ಕಮಾದನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಎಣ್ಣೆ ಹಚ್ಚುವುದನ್ನು ಮುಂದುವರಿಸಿದ.

ವಾಪಸು ಬಂದು ಗುರುಗಳಿಗೆ ಎಲ್ಲ ಹೇಳಿದಳು. ಕೊನೆಗೆ ಫೋನಿನ ವಿಷಯವನ್ನೂ ಹೇಳಿದಳು, ಜೀಪು ಬಂದು ಹೋದದ್ದನ್ನೂ.

ಗುರುಗಳು ಕುರ್ಚಿಯಿಂದ ಎದ್ದು ನಿಂತರು. ನಾಲ್ಕು ತಿಂಗಳಲ್ಲಿ ಅವಳು ಅವರ ಸಿಟ್ಟು ನೋಡಿದ್ದು ಅವತ್ತೇ.

"ಸಹಿ ಇಲ್ಲದ ವರದಿಯನ್ನ ಫೋನಿನ್ಯಾಗ ಓದಿ ಹೇಳಿದೇನು?"

"ಹೌದು ಸಾರ್."

"ನೀ ಹಿಂಗ ಮಾಡತಿ ಅಂತ ಗೊತ್ತಿದ್ದರ ನಾ ಬೀಜ ತೇಯ್ತಿದ್ದಿಲ್ಲ. ಅವತ್ತ ಬಾಯಿಬಿಟ್ಟು ಹೇಳ್ತಿದ್ದೆ." ಮತ್ತೆ ಕೂತು, "ಅಷ್ಟು ನನ್ನ ತಪ್ಪೂ ಐತಿ" ಎಂದರು.

ಅವಳು ಹೊಸ ವರದಿ ಬರೆದಳು. ಮೊದಲ ಸಾಲಿನಲ್ಲೇ ತಾನು ತಾರೀಖು ತಪ್ಪು ಓದಿದ್ದಾಗಿ ಬರೆದಳು. ಜಡಿಯ ಜೊತೆಗಿದ್ದ ದಿನಗಳಲ್ಲಿ ಹಾರ್ಮೋನು ಕಡಿಮೆ, ಅವನಿಲ್ಲದ ದಿನಗಳಲ್ಲಿ ಎರಡರಷ್ಟು ಎಂದು ಬರೆದಳು. ಗುರುಗಳು ಸಹಿ ಮಾಡಿದರು. ಕಾಗದವನ್ನು ಅವಳೇ ರೇಂಜರ ಕಚೇರಿಗೆ ತೆಗೆದುಕೊಂಡು ಹೋದಳು.

"ಮಂಗಳವಾರ ಹಾಗಂದ್ರಿ, ಇವತ್ತು ಹೀಗಂತೀರಿ" ಎಂದರು ರೇಂಜರು. "ನಿಮ್ಮ ಯಂತ್ರನ ನಂಬೋದು ಹೇಗಮ್ಮ?"

"ಯಂತ್ರ ಎರಡು ಸಲವೂ ಒಂದೇ ಹೇಳಿದೆ ಸಾರ್. ತಪ್ಪು ಓದಿದ್ದು ನಾನು."

ರೇಂಜರು ಕಾಗದವನ್ನು ಇನ್ನೊಮ್ಮೆ ಓದಿದರು. ಆದೇಶ ತಿದ್ದಲು ಆರು ದಿನ ಹಿಡಿಯಿತು. ಆ ಆರು ದಿನ ಇಂದುಮತಿ ನೀರು ಕುಡಿಯಿತು, ಹಸಿರು ಸೊಪ್ಪು ಒಂದಿಷ್ಟು ತಿಂದಿತು. ಇಂಚರ ದಿನಾ ಹೋಗಿ ನೋಡಿ ಬರುತ್ತಿದ್ದಳು.

ಏಳನೆಯ ದಿನ ಬೆಳಗ್ಗೆ ಜಡಿಯ ಬಂದ. ಜೀಪಿನಿಂದ ಇಳಿಯುತ್ತಲೇ ಬೈಯಲು ಶುರು ಮಾಡಿದ. ಏನೇ, ಇಷ್ಟು ಒಣಗಿದ್ದೀಯಲ್ಲೇ, ನಾಚಿಕೆ ಆಗಲ್ವಾ ನಿಂಗೆ ಎಂದು. ಇಂದುಮತಿ ಸೊಂಡಿಲಿನಿಂದ ಅವನ ತಲೆ, ಭುಜ, ಕಂಕುಳ ಹಾಸಿಗೆ ಎಲ್ಲವನ್ನೂ ಮೂಸಿತು. ಆಮೇಲೆ ಕುಸುರೆ ಎತ್ತಿಕೊಂಡಿತು.

ಇಂಚರ ಅವನ ಮುಂದೆ ಹೋಗಿ ನಿಂತಳು.

"ತಪ್ಪಾಯ್ತು ಜಡಿಯಣ್ಣ. ಮಿಷಿನ್ ಹಾಗೆ ಹೇಳಿರಲಿಲ್ಲ. ನಾನು ಹೇಳಿದ್ದು."

ಜಡಿಯ ಹಾಸಿಗೆಯನ್ನು ಕೆಳಗಿಟ್ಟ.

"ಹಂಗಾರೆ ಬೈಬೋದು ಅನ್ನು."

"ಬೈಬೋದು."

"ಸರಿ ಬುಡವ್ವ" ಎಂದು ಆನೆಯನ್ನು ನೀರಿಗೆ ಕರೆದೊಯ್ದ. ಚಿಕ್ಕಮಾದನೂ ಬ್ರಷ್ಷು ಹಿಡಿದು ಹಿಂದೆಯೇ ಹೋದ. ಇನ್ನು ಇಬ್ಬರೂ ಒಟ್ಟಿಗೇ ಇರಲಿ ಎಂದು ಹೊಸ ಆದೇಶದಲ್ಲಿತ್ತು.

ಹೊಳೆಯ ದಾರಿಯಲ್ಲಿ ಇಂದುಮತಿ ಲದ್ದಿ ಹಾಕಿತು. ಇಂಚರ ಅದನ್ನು ಬಿಸಿಬಿಸಿಯಾಗಿಯೇ ಡಬ್ಬಿಗೆ ತುಂಬಿಕೊಂಡು ಲ್ಯಾಬಿಗೆ ಬಂದಳು. ತಿಂಗಳಲ್ಲೇ ಮೊದಲ ಸಲ ಅವಳ ಮುಖದಲ್ಲಿ ನಗು ಇತ್ತು.

"ಜಡಿಯಣ್ಣ ಬಂದ ಸಾರ್. ಕುಸುರೆ ತಿಂತು. ಇವತ್ತು ಹಾರ್ಮೋನು ಇಳಿದಿರುತ್ತೆ, ಈಗಲೇ ಅಳೆದುಬಿಡ್ತೀನಿ. ನನಗೂ ಸಮಾಧಾನ ಆಗುತ್ತೆ."

ಗುರುಗಳು ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡು ಪಕ್ಕಕ್ಕೆ ಇಟ್ಟರು.

"ನಾಡಿದ್ದು ಹೋಗಿ ತಗೊಂಬಾ ಯವ್ವಾ. ಇವತ್ತಿಂದರಾಗ ಇನ್ನೂ ನೀ ಫೋನಿನ್ಯಾಗ ಆಡಿದ ಮಾತು ಐತಿ."